ಸ್ಥಾವರದ ಜಗಳ, ಕೊಳವೆಬಾವಿಯ ಕರೆಂಟು

ಗುಂಡ್ಲುಪೇಟೆಯಿಂದ ಮದ್ದೂರಿನ ಕಡೆ ಹೋಗುವ ದಾರಿಯಲ್ಲಿ, ಕಾಡು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಸಿಗುವ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಆರು ವರ್ಷ ಕಾರ್ಯದರ್ಶಿಯಾಗಿದ್ದೆ. ಕಾರ್ಯದರ್ಶಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಬೈಸಿಕೊಳ್ಳುವುದು ಎನ್ನುತ್ತಿದ್ದೆ. ಬೀದಿದೀಪ ಕೆಟ್ಟರೂ ನಾನೇ, ಚರಂಡಿ ಕಟ್ಟಿಕೊಂಡರೂ ನಾನೇ. ಅದರಲ್ಲೂ ನೀರಿನ ಬೈಗುಳವೇ ಹೆಚ್ಚು. ಊರಿಗೆ ನೀರು ಕೊಡುವ ಕೊಳವೆಬಾವಿ ಊರಾಚೆ ಹೊಲಗಳ ನಡುವೆ ಇತ್ತು. ಅದರ ಮೋಟರಿಗೆ ತ್ರೀ ಫೇಸ್ ಕರೆಂಟು ಬೇಕು. ಹಿಂದೆ ಯಾವಾಗಲೋ ಯಾರೋ, ರೈತರ ಪಂಪ್‌ಸೆಟ್ಟುಗಳಿಗೆ ಹೋಗುವ ಲೈನಿನಿಂದಲೇ ಅದಕ್ಕೂ ಸಂಪರ್ಕ ಕೊಟ್ಟು ಕೈತೊಳೆದುಕೊಂಡಿದ್ದರು. ಹಾಗಾಗಿ ಹೊಲಕ್ಕೆ ಕರೆಂಟು ಬಿಟ್ಟಾಗ ಮಾತ್ರ ಊರಿಗೆ ನೀರು. ಹೊಲಕ್ಕೆ ಯಾವ ಹೊತ್ತಿನಲ್ಲಿ ಬಿಡುತ್ತಾರೆ ಎಂಬುದು ವಾರಕ್ಕೊಮ್ಮೆ ಬದಲಾಗುತ್ತಿತ್ತು, ಬದಲಾದದ್ದು ನಮಗೆ ಗೊತ್ತಾಗುವಷ್ಟರಲ್ಲಿ ಮತ್ತೆ ಬದಲಾಗಿರುತ್ತಿತ್ತು.

ಇದನ್ನೆಲ್ಲ ಮೈಮೇಲೆ ಹಾಕಿಕೊಂಡು ಓಡಾಡುತ್ತಿದ್ದವನು ನಮ್ಮ ನೀರುಗಂಟಿ. ಮೋಟರು ಹಾಕುವುದು, ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವುದು ಅವನ ಕೆಲಸ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ರಾತ್ರಿ ಕರೆಂಟು ಬರುವ ಹೊತ್ತಿಗೆ ಕಾದು ಕಾದು ಅವನಿಗೆ ಹಗಲಿನಲ್ಲಿ ಎಲ್ಲಿ ಕೂತರೂ ತೂಕಡಿಕೆ ಬರುತ್ತಿತ್ತು. ಆ ಬೇಸಿಗೆಯ ಒಂದು ಮಂಗಳವಾರ ಬೆಳಿಗ್ಗೆ ಅವನು ಕಚೇರಿಯ ಬಾಗಿಲಿಗೆ ಬಂದು ನಿಂತು, "ಮೇಡಂ, ಟಿಸಿ ಸುಟ್ಟೋಯ್ತು" ಎಂದ.

ಟಿಸಿ ಎಂದರೆ ಕಂಬದ ಮೇಲೆ ಕೂರಿಸುವ ಟ್ರಾನ್ಸ್‌ಫಾರ್ಮರು. ಬಾವಿಗೂ ಸುತ್ತಲಿನ ಪಂಪ್‌ಸೆಟ್ಟುಗಳಿಗೂ ಅದೊಂದೇ. ತಾಳುವಷ್ಟಕ್ಕಿಂತ ಹೆಚ್ಚು ಮೋಟರುಗಳು ಅದಕ್ಕೆ ಜೋತುಬಿದ್ದಿದ್ದವು. ನಾನು ಲೈನ್‌ಮನ್‌ಗೆ ಫೋನ್ ಮಾಡಿದೆ. ಹೊಸದಕ್ಕೆ ಬರೆದಿದ್ದೇವೆ, ಚಾಮರಾಜನಗರದ ವಿದ್ಯುತ್ ಇಲಾಖೆಯ ಸ್ಟೋರಿನಿಂದ ಬರಬೇಕು, ಅಲ್ಲಿ ಸಾಲಿದೆ ಎಂದ. ಎಷ್ಟು ದಿನ ಎಂದೆ. ಅವನೂ ನನ್ನ ಹಾಗೆಯೇ ಬೈಸಿಕೊಳ್ಳುವವನು, ಪಾಪ. ತನ್ನ ಕೈಯಲ್ಲಿಲ್ಲ ಎಂದ.

ಅದೇ ಮಧ್ಯಾಹ್ನ ತಾಲ್ಲೂಕಿನಿಂದ ಕಾಗದ ಬಂತು. ನಮ್ಮ ಊರಿನ ಗೋಮಾಳದ ಪಕ್ಕ ಒಂದು ಖಾಸಗಿ ಕಂಪನಿ ವಿದ್ಯುತ್ ಸ್ಥಾವರ ಹಾಕಲು ಅರ್ಜಿ ಕೊಟ್ಟಿದೆ, ವಿಶೇಷ ಗ್ರಾಮಸಭೆ ಕರೆದು ಜನರ ಅಭಿಪ್ರಾಯ ದಾಖಲಿಸಿ ಕಳಿಸಬೇಕು ಎಂದು. ಕಾಡಂಚಿನಲ್ಲಿ ಬೆಳೆದು ನಿಂತಿರುವ ಲಂಟಾನದ ಪೊದೆ, ತೆಂಗಿನ ಗರಿ, ಜೋಳದ ದಂಟು ಇವನ್ನು ಸುಟ್ಟು ಕರೆಂಟು ಮಾಡುವ ಸ್ಥಾವರ. ಒಂದು ಕೈಯಲ್ಲಿ ಟಿಸಿ ಬೇಕೆಂಬ ಪತ್ರ, ಇನ್ನೊಂದು ಕೈಯಲ್ಲಿ ಈ ಕಾಗದ. ಮೇಜಿನ ಮುಂದೆ ಖಾಲಿ ಕೊಡಗಳನ್ನಿಟ್ಟುಕೊಂಡು ಕೂತ ನಾಲ್ಕು ಜನ ಹೆಂಗಸರು. ನನಗೆ ನಗುವುದೋ ರೇಗುವುದೋ ತಿಳಿಯಲಿಲ್ಲ.

ನನ್ನ ತಮ್ಮನ ಬಗ್ಗೆ ಇಲ್ಲಿ ಹೇಳಬೇಕು. ನನಗಿಂತ ಏಳು ವರ್ಷ ಚಿಕ್ಕವನು. ಕುದೇರಿನ ಕಡೆ ನಮ್ಮಪ್ಪನ ಜಮೀನಿನಲ್ಲಿ ಬಾಳೆ, ಅರಿಸಿನ ಬೆಳೆದುಕೊಂಡು ಅವ್ವನ ಜೊತೆ ಇದ್ದಾನೆ. ನಾವು ಚಿಕ್ಕವರಿದ್ದಾಗ ಮನೆಗೆ ಇದ್ದದ್ದು ಸರ್ಕಾರದ ಭಾಗ್ಯಜ್ಯೋತಿ ಯೋಜನೆಯ ಒಂದು ಬಲ್ಬು. ಆ ಬಲ್ಬಿನ ಕೆಳಗೆ ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಕೆಲವು ವರ್ಷದ ಹಿಂದೆ ಯಾರ ಜೊತೆಗೋ ಬೇರೆ ಜಿಲ್ಲೆಗೆ ಹೋಗಿ ಕಲ್ಲಿದ್ದಲು ಸುಡುವ ಒಂದು ಸ್ಥಾವರ ನೋಡಿಕೊಂಡು ಬಂದ. ಅಲ್ಲಿ ಒಬ್ಬ ರೈತ ಅವನನ್ನು ತೋಟಕ್ಕೆ ಕರೆದೊಯ್ದು ಒಂದು ಎಲೆಯನ್ನು ಬೆರಳಿನಿಂದ ಒರೆಸಿ ತೋರಿಸಿದನಂತೆ. ಬೆರಳು ಬೂದಿಯಾಗಿತ್ತಂತೆ. ಬಂದವನೇ ಮೈಸೂರಿನ ಒಂದು ಪರಿಸರ ಬಳಗಕ್ಕೆ ಸೇರಿದ. ನನಗೆ ಅದರ ಬಗ್ಗೆ ತಕರಾರು ಇರಲಿಲ್ಲ. ಕುಡಿತಕ್ಕೆ ಬೀಳಲಿಲ್ಲ, ಇಸ್ಪೀಟಿಗೆ ಹೋಗಲಿಲ್ಲ, ಮರ ಉಳಿಸುತ್ತೇನೆ ಎಂದು ಓಡಾಡುತ್ತಾನೆ, ಓಡಾಡಲಿ ಎಂದುಕೊಂಡಿದ್ದೆ. ನನ್ನ ಪಂಚಾಯಿತಿಗೇ ಓಡಾಡಿಕೊಂಡು ಬರುತ್ತಾನೆ ಎಂದು ಎಣಿಸಿರಲಿಲ್ಲ.

ಆ ಭಾನುವಾರ ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದ. ಕೈಯಲ್ಲಿ ಸ್ಥಾವರ ಬೇಡ ಎಂಬ, ಸಹಿಗಳಿದ್ದ ಒಂದು ಮನವಿ. ಸ್ಥಾವರಕ್ಕೆ ದಿನವೂ ಇಷ್ಟೊಂದು ನೀರು ಬೇಕು, ಅದನ್ನು ನೆಲದಿಂದಲೇ ಎತ್ತುತ್ತಾರೆ, ಲಂಟಾನ ಮುಗಿದ ಮೇಲೆ ಒಲೆ ಆರಿಸುತ್ತಾರಾ, ಮರಕ್ಕೇ ಕೈ ಹಾಕುತ್ತಾರೆ, ಆನೆ ಓಡಾಡುವ ದಾರಿಯಲ್ಲಿ ಲಾರಿ ಸಾಲು ನಿಲ್ಲುತ್ತದೆ ಎಂದು ಒಂದೊಂದಾಗಿ ಹೇಳಿದ. ಒಂದೂ ಸುಳ್ಳು ಎನಿಸಲಿಲ್ಲ. ಆದರೆ ಐದು ದಿನದಿಂದ ಟ್ಯಾಂಕರ್ ನೀರಿಗಾಗಿ ಪರದಾಡುತ್ತಿದ್ದ ನನಗೆ ಅದನ್ನೆಲ್ಲ ಕೇಳುವ ತಾಳ್ಮೆ ಉಳಿದಿರಲಿಲ್ಲ. ಹಾಗಾದರೆ ಕರೆಂಟು ಎಲ್ಲಿಂದ ಬರಬೇಕು ಎಂದು ಕೇಳಿದೆ. ಸೋಲಾರ್ ಇದೆ ಎಂದ. ಪಂಚಾಯಿತಿ ಹಾಕಿಸಿದ್ದ ಸೋಲಾರ್ ಬೀದಿದೀಪಗಳ ಬ್ಯಾಟರಿ ಯಾರೋ ಬಿಚ್ಚಿಕೊಂಡು ಹೋಗಿ, ಈಗ ಕಂಬಗಳಿಗೆ ದನ ಕಟ್ಟುತ್ತಿರುವ ಕಥೆ ಹೇಳಿದೆ. ಅದು ಸೋಲಾರಿನ ತಪ್ಪಲ್ಲ, ಪಂಚಾಯಿತಿಯ ತಪ್ಪು ಎಂದ. ಪಂಚಾಯಿತಿ ಎಂದರೆ ಅವನ ಎದುರು ಕಾಫಿ ಲೋಟ ಹಿಡಿದು ನಿಂತಿದ್ದ ನಾನೇ ತಾನೆ.

"ನಿನ್ ಪಂಪ್‌ಸೆಟ್ ಯಾವುದ್ರಿಂದ ಓಡ್ತದಲಾ?" ಎಂದು ಕೇಳಿದೆ.

"ಕರೆಂಟಿಂದ."

"ಆ ಕರೆಂಟ ಎಲ್ಲಿಂದ ಬತ್ತದ?"

ಎಲ್ಲಿಂದ ಬರುತ್ತದೆ ಎಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು, ನೋಡಿಕೊಂಡು ಬಂದವನು ಅವನು. ಮನವಿಯನ್ನು ಟೀವಿಯ ಪಕ್ಕ ಇಟ್ಟು ಎದ್ದುಹೋದ. ಕೇಳಬಾರದ್ದು ಕೇಳಿದೆನೇನೋ ಎಂದು ಆಮೇಲೆ ಅನ್ನಿಸಿತು. ಆದರೂ ಕೇಳಬೇಕಾದದ್ದೇ ಅದು.

ಮಾರನೆಯ ದಿನ ಕಂಪನಿಯ ಅಧಿಕಾರಿ ಕಚೇರಿಗೆ ಬಂದರು. ಇಸ್ತ್ರಿ ಮಾಡಿದ ಶರಟು, ಒಂದು ಸ್ವೀಟ್ ಬಾಕ್ಸು, ಸ್ಥಾವರ ಹೇಗಿರುತ್ತದೆ ಎಂಬ ಬಣ್ಣದ ಚಿತ್ರ. ಚಿತ್ರದಲ್ಲಿ ಹೊಗೆ ಇರಲಿಲ್ಲ. ಸ್ಥಾವರದ ಸುತ್ತ ಹಸಿರು ಹುಲ್ಲು, ಹುಲ್ಲಿನ ಮೇಲೆ ಒಂದು ಜೋಡಿ ಬಿಳಿ ಹಕ್ಕಿ. ಊರಿಗೆ ಇಪ್ಪತ್ತನಾಲ್ಕು ಗಂಟೆ ಕರೆಂಟು ಎಂದರು. ಅದು ನಿಮ್ಮ ಕಾಗದದಲ್ಲಿ ಎಲ್ಲಿದೆ ತೋರಿಸಿ ಎಂದೆ. ಅದೆಲ್ಲ ಆಮೇಲೆ ಬರುತ್ತದೆ ಮೇಡಂ, ಮೊದಲು ಒಪ್ಪಿಗೆ ಆಗಲಿ ಎಂದರು. ಸ್ವೀಟ್ ಬಾಕ್ಸನ್ನು ವಾಪಸು ಅವರ ಚೀಲದ ಮೇಲೆ ಇಟ್ಟೆ. ಇವರ ಮೇಲೂ ರೇಗಿತು. ತಮ್ಮನ ಮೇಲೆ ರೇಗಿದ್ದಕ್ಕಿಂತ ಬೇರೆ ತರಹ.

ಗ್ರಾಮಸಭೆ ಶಾಲೆಯ ಆವರಣದಲ್ಲಿ ನಡೆಯಿತು. ಶಾಮಿಯಾನ ಹಾಕಿಸಿದ್ದೆವು. ಒಂದು ಕಡೆ ಕಂಪನಿಯವರು, ಇನ್ನೊಂದು ಕಡೆ ಪರಿಸರ ಬಳಗದವರು, ನಡುವೆ ನನ್ನ ಮೇಜು ಮತ್ತು ನಡವಳಿ ಪುಸ್ತಕ. ಬಳಗದ ಹಿರಿಯರು ಮೈಸೂರಿನ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಬಿಳಿ ಗಡ್ಡ, ತಗ್ಗಿದ ದನಿ. ಮಾತಾಡಲು ಎದ್ದು ಐದು ನಿಮಿಷವಾಗಿರಲಿಲ್ಲ, ಕರೆಂಟು ಹೋಯಿತು. ಮೈಕು ಸತ್ತಿತು. ಶಾಮಿಯಾನದವನು ಜನರೇಟರ್ ತಂದಿದ್ದ, ಹಗ್ಗ ಎಳೆದು ಶುರುಮಾಡಿದ. ಅದರ ಹೊಗೆ ನೇರವಾಗಿ ಹೆಂಗಸರು ಕೂತ ಕಡೆಗೆ ಹೋಯಿತು. ಮೇಷ್ಟ್ರು ಅದನ್ನು ನೋಡಿ, ದಯವಿಟ್ಟು ಆರಿಸಿ, ನಾನು ಹಾಗೇ ಮಾತಾಡುತ್ತೇನೆ ಎಂದರು. ಆರಿಸಿದರು. ಆಮೇಲೆ ಮುಂದಿನ ಎರಡು ಸಾಲಿನವರನ್ನು ಬಿಟ್ಟು ಯಾರಿಗೂ ಅವರ ಮಾತು ಕೇಳಿಸಲಿಲ್ಲ. ಹಿಂದಿದ್ದವರು ತಮ್ಮತಮ್ಮಲ್ಲೇ ಮಾತಿಗೆ ಶುರುಮಾಡಿದರು. ಅಂತರ್ಜಲದ ಬಗ್ಗೆ ಅವರು ಹೇಳಿದ್ದನ್ನು ನಾನು ಹತ್ತಿರದಲ್ಲಿದ್ದುದರಿಂದ ಬರೆದುಕೊಂಡೆ. ಒಳ್ಳೆಯ ಮಾತು, ಅಷ್ಟೂ ಗಾಳಿಗೆ ಹೋಗುತ್ತಿತ್ತು.

ಯಾರೋ ಒಬ್ಬ, ಈ ಸ್ಥಾವರ ಇಲ್ಲಿ ಬೇಡ, ಬದನಗುಪ್ಪೆಯ ಕೈಗಾರಿಕಾ ಪ್ರದೇಶಕ್ಕೆ ಹೋಗಲಿ, ಅದಕ್ಕೆ ಅಂತಲೇ ಜಾಗ ಇದೆಯಲ್ಲ ಎಂದು ಕೂಗಿದ. ಬಳಗದವರು ಚಪ್ಪಾಳೆ ತಟ್ಟಿದರು. ಬದನಗುಪ್ಪೆಯ ಕಡೆಗೆ ಮಗಳನ್ನು ಕೊಟ್ಟಿದ್ದ ಒಬ್ಬ ಎದ್ದು, ಅಲ್ಲಿರುವವರು ಮನುಷ್ಯರಲ್ಲವಾ ಎಂದ. ಚಪ್ಪಾಳೆ ನಿಂತಿತು. ಕಂಪನಿ ಅಧಿಕಾರಿ ಎದ್ದು ಕೆಲಸ ಕೊಡುತ್ತೇವೆ ಎಂದರು. ಎಷ್ಟು ಜನಕ್ಕೆ, ಎಂಥ ಕೆಲಸ ಎಂದು ಹುಡುಗರು ಕೇಳಿದರೆ ಮತ್ತೆ ಆ ಬಣ್ಣದ ಚಿತ್ರವನ್ನೇ ಎತ್ತಿ ತೋರಿಸಿದರು. ಹೀಗೆ ಒಂದೂವರೆ ಗಂಟೆ. ಬಿಸಿಲು ಶಾಮಿಯಾನದೊಳಕ್ಕೇ ಇಳಿದಿತ್ತು. ನನ್ನ ತಮ್ಮ ಮೇಷ್ಟ್ರ ಹಿಂದೆ ನಿಂತು ನನ್ನ ಪೆನ್ನನ್ನೇ ನೋಡುತ್ತಿದ್ದ.

ಆಗ ಹೆಂಗಸರ ಗುಂಪಿನಿಂದ ಒಬ್ಬ ಮುದುಕಿ ಎದ್ದಳು. ಅವಳು ಅರಿಸಿನದ ಹೊಲಗಳಿಗೆ ಕೂಲಿಗೆ ಹೋಗುವವಳು. ಟಿಸಿ ಸುಟ್ಟ ದಿನದಿಂದ ದೂರದ ಒಂದು ತೋಟಕ್ಕೆ ನಡೆದುಹೋಗಿ ನೀರು ತರುತ್ತಿದ್ದಳು. ಅಲ್ಲೂ ಕರೆಂಟು ಬರುವ ತನಕ ಕಾಯಬೇಕು, ಕಾದರೆ ಕೂಲಿಗೆ ಹೊತ್ತಾಗುತ್ತದೆ, ಹೊತ್ತಾದವರನ್ನು ಯಾರೂ ಹೊಲಕ್ಕೆ ಕರೆಯುವುದಿಲ್ಲ. ಆ ವಾರ ಅವಳು ಕೂಲಿಗೆ ಹೋಗಿದ್ದು ಎರಡೇ ದಿನ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲು ಕಂಪನಿಯವರ ಕಡೆ ತಿರುಗಿದಳು.

"ಕರೆಂಟ ಮಾಡ್ತೀವಿ ಅಂತೀರಲ್ಲ ಸ್ವಾಮಿ, ನೀವ್ ಮಾಡಿದ್ ಕರೆಂಟ ನಮ್ಮ ಬಾವಿ ಮೋಟ್ರುಗ ಬಂದದಾ?"

ಅದು ಗ್ರಿಡ್ಡಿಗೆ ಹೋಗುತ್ತದೆ, ಅಲ್ಲಿಂದ ಸರ್ಕಾರ ಎಲ್ಲರಿಗೂ ಹಂಚುತ್ತದೆ, ಎಲ್ಲರಿಗೂ ಬರುವ ಹಾಗೆ ನಿಮಗೂ ಬರುತ್ತದೆ ಎಂದು ಅಧಿಕಾರಿ ವಿವರಿಸಿದರು.

"ಎಲ್ಲಾರ್ಗೂ ಬರಂಗ ಈಗ್ಲೂ ಬತ್ತಾ ಅದ. ಬಾವಿಗ ಬಂದದಾ, ಬರಲ್ವಾ, ಅಷ್ಟ ಯೋಳಿ."

ಅಧಿಕಾರಿ ಕೈಯಲ್ಲಿದ್ದ ಕಾಗದ ತಿರುವಿದರು. ಊರಿಗೆ ಬೇರೆ ಲೈನು ಎಳೆಯುವುದು ನಮ್ಮ ಯೋಜನೆಯಲ್ಲಿ ಇಲ್ಲ ಎಂದು ಕೊನೆಗೆ ಒಪ್ಪಿಕೊಂಡರು. ಅದನ್ನು ನಾನು ಅವರ ಮಾತಿನಲ್ಲೇ ಬರೆದುಕೊಂಡೆ. ಮುದುಕಿ ಈಗ ಮೇಷ್ಟ್ರ ಕಡೆ ತಿರುಗಿದಳು.

"ನೀವು ಬ್ಯಾಡ ಅಂತೀರಿ. ಆಯ್ತು ಕಣಪ್ಪ, ಬ್ಯಾಡ. ನಾಳಕ ನಾ ನೀರ ಎಲ್ಲಿಂದ ತರ್ಲಿ?"

ಮೇಷ್ಟ್ರು ಬೇರೆ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. "ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲಮ್ಮ. ಆದರೆ ಈ ಸ್ಥಾವರ ಬಂದರೆ ನಿಮ್ಮ ಬಾವಿಯ ನೀರೂ ಬತ್ತಿ ಹೋಗುತ್ತದೆ" ಎಂದರು.

"ನೀರಿದ್ರೂ ಎತ್ತಾಕ ಆಗ್ದೇ ಕುಂತೀವಿ ನಾವು" ಎಂದು ಅವಳು ಕೂತಳು.

ಆಮೇಲೆ ಸಭೆ ನನ್ನ ಕೈಯಿಂದಲೂ ಪಂಚಾಯಿತಿ ಅಧ್ಯಕ್ಷರ ಕೈಯಿಂದಲೂ ಹೋಯಿತು. ಹೆಂಗಸರು ಎದ್ದೆದ್ದು ಮಾತಾಡಿದರು. ಕೊನೆಗೆ ಆದದ್ದು ಇಷ್ಟು: ಕುಡಿಯುವ ನೀರಿನ ಬಾವಿಗೆ ಪ್ರತ್ಯೇಕ ಲೈನು ಎಳೆದು ಹಗಲು ಕರೆಂಟು ಕೊಡಬೇಕು. ಅದು ಬರುವ ತನಕ ಸ್ಥಾವರದ ವಿಷಯವನ್ನು ಯಾರೂ ಈ ಊರಿನಲ್ಲಿ ಎತ್ತಬಾರದು, ವಿಷಯ ಮುಂದೂಡಲಾಗಿದೆ. ಕೈ ಎತ್ತಿದವರನ್ನು ಎಣಿಸಿ ಬರೆದು, ಓದಿ ಹೇಳಿ, ಸಹಿ ಮಾಡಿಸಿದೆ.

ಜನ ಎದ್ದು ಹೋದರೋ ಇಲ್ಲವೋ, ಅಧಿಕಾರಿ ನನ್ನ ಮೇಜಿಗೆ ಬಂದು, 'ಮುಂದೂಡಲಾಗಿದೆ' ಎನ್ನುವ ಬದಲು 'ಷರತ್ತಿನೊಂದಿಗೆ ಒಪ್ಪಿದೆ' ಎಂದು ಬರೆಯಬಹುದಲ್ಲ, ಅರ್ಥ ಒಂದೇ ತಾನೆ ಎಂದರು. ಅರ್ಥ ಒಂದೇ ಆದರೆ ಇದ್ದದ್ದು ಇರಲಿ ಬಿಡಿ ಎಂದೆ. ಅವರ ಹಿಂದೆಯೇ ಬಳಗದ ಒಬ್ಬರು ಬಂದು 'ಸರ್ವಾನುಮತದಿಂದ ತಿರಸ್ಕರಿಸಿದೆ' ಎಂದು ಸೇರಿಸಲು ಹೇಳಿದರು. ನಾನು ಪುಸ್ತಕ ಮುಚ್ಚಿ ಅದರ ಮೇಲೆ ಕೂತುಬಿಟ್ಟೆ. ನಿಜವಾಗಿಯೂ ಕೂತೆ. ಬೇರೆ ಏನು ಮಾಡಬೇಕೋ ಹೊಳೆಯಲಿಲ್ಲ.

ತಮ್ಮ ಅಂದು ಸಂಜೆ ಮನೆಗೆ ಬಂದ. ಊಟಕ್ಕೆ ತಟ್ಟೆ ಇಟ್ಟಿದ್ದೆ. ಮುದ್ದೆ ಮುರಿಯುವ ಮೊದಲೇ ಶುರುಮಾಡಿದ.

"ಒಂದ್ ಪದ ಕಣಕ್ಕ. ಒಂದೇ ಒಂದ್ ಪದ ಬದಲಾಯ್ಸು. ಇಲ್ದಿದ್ರ ನಾಳಿದ್ದು ಮತ್ತ ಬತ್ತರ ಅವ್ರು."

"ಸಭೇಲಿ ಯಾರಾರೂ ತಿರಸ್ಕಾರ ಅಂದ್ರಾ? ನಿಂಗ ಕೇಳಿಸ್ತಾ?"

"ಅವ್ರ ಮನಸ್ನಲ್ಲಿ ಇದ್ದುದ್ದು ಅದೇಯ."

"ಅವ್ರ ಮನಸ್ನಲ್ಲಿ ಇದ್ದುದ್ದು ನೀರು ಕಣ್ಲಾ. ಟಿಸಿ ಸುಟ್ಟು ಎಷ್ಟ್ ದಿನ ಆಯ್ತು ಅಂತ ನಿಮ್ಮೋರಲ್ಲಿ ಒಬ್ರಾರೂ ಕೇಳುದ್ರಾ? ಕಾರಲ್ಲಿ ಬಂದ್ರಿ, ಮಾತಾಡುದ್ರಿ, ಎದ್ದೋದ್ರಿ. ನಿನ್ನ ಟ್ರಾಕ್ಟರ್ ಅದಲ್ಲ, ಅದನ್ನ ತಕ್ಕೊಂಡೋಗಿ ಸ್ಟೋರಿಂದ ಒಂದ್ ಟಿಸಿ ತಕ್ಕೊಂಬಂದು ಕೊಡು. ಆಮೇಲ ನನ್ ಪುಸ್ತಕದ ತಂಟೆಗ ಬಾ."

ಅವನು ತಟ್ಟೆ ಸರಿಸಿ ಎದ್ದುಹೋದ. ಮುದ್ದೆ ಹಾಗೇ ಉಳಿಯಿತು. ಅವನು ಕುದೇರು ತಲುಪುವ ಮೊದಲೇ ಅವ್ವನಿಗೆ ಹೇಗೆ ಗೊತ್ತಾಯಿತೋ, ಫೋನ್ ಮಾಡಿ, ತಮ್ಮನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದೆಯಾ ಎಂದು ನನ್ನನ್ನೇ ಬೈದಳು. ಆ ದಿನದ ಬೈಗುಳದ ಪಾಲು ಅದರೊಂದಿಗೆ ಪೂರ್ತಿಯಾಯಿತು.

ಎರಡು ದಿನ ಬಿಟ್ಟು ಬೆಳಿಗ್ಗೆ ಪಂಚಾಯಿತಿಯ ಮುಂದೆ ಟ್ರಾಕ್ಟರ್ ನಿಂತಿತ್ತು. ತಮ್ಮ ಕೆಳಗೆ ಇಳಿಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನೀರುಗಂಟಿ ಸುಟ್ಟ ಟಿಸಿಯ ಕಾಗದಪತ್ರ ಹಿಡಿದು ಅವನ ಪಕ್ಕ ಹತ್ತಿ ಕೂತ. ಇಬ್ಬರೂ ಚಾಮರಾಜನಗರಕ್ಕೆ ಹೋದರು. ಸಂಜೆ ಖಾಲಿ ಬಂದರು. ಸಾಲಿನಲ್ಲಿ ಇವರಿಗಿಂತ ಮುಂದೆ ಇದ್ದವರಿಗೇ ಮುಗಿದುಹೋಗಿತ್ತಂತೆ. ಮಾರನೆಯ ದಿನ ಕತ್ತಲು ಹರಿಯುವ ಹೊತ್ತಿಗೇ ಹೊರಟರು. ಅಂದು ಮಧ್ಯಾಹ್ನ ತಂದರು. ಸಾಲಿನಲ್ಲಿ ತಮ್ಮ ಯಾರ ಯಾರ ಜೊತೆ ಮಾತಾಡಿದನೋ ನನಗೆ ಗೊತ್ತಿಲ್ಲ. ಅವನು ಹೇಳಲಿಲ್ಲ. ನೀರುಗಂಟಿ ಹೇಳಿದ್ದು ಒಂದೇ. ಅಲ್ಲಿ ನಾಲ್ಕನೆಯ ದಿನ ಕಾಯುತ್ತಿದ್ದ ಒಬ್ಬ ರೇಷ್ಮೆಯವನು ತೋಟಕ್ಕೆ ನೀರಿಲ್ಲದೆ, ಹುಳುವಿಗೆ ಸೊಪ್ಪಿಲ್ಲದೆ ಎಲ್ಲ ಹೋಯಿತು ಎಂದು ಅಳುತ್ತಿದ್ದನಂತೆ, ನಿಮ್ಮ ತಮ್ಮ ಅವನ ಪಕ್ಕದಲ್ಲೇ ಬಹಳ ಹೊತ್ತು ಕೂತಿದ್ದರು ಎಂದು.

ಲೈನ್‌ಮನ್ ಟಿಸಿ ಕೂರಿಸಿದ, ಮೋಟರು ಓಡಿತು. ನಲ್ಲಿಗಳ ಮುಂದೆ ಸಾಲು ನಿಂತಿತು. ಆ ಮುದುಕಿ ಎರಡು ಕೊಡ ಹಿಡಿದು ಹೋಗುತ್ತ ನನ್ನ ತಮ್ಮನ ಹತ್ತಿರ ನಿಂತು, ಇದು ಇನ್ನೆಷ್ಟು ದಿನಕ್ಕೆ ಸುಡುತ್ತದೆ ಎಂದು ಕೇಳಿದಳು. ಕುಹಕದಿಂದಲ್ಲ, ಮೊದಲೇ ಗೊತ್ತಿದ್ದರೆ ತುಂಬಿಟ್ಟುಕೊಳ್ಳಬಹುದು ಎಂದು. ಅವನು ನನ್ನ ಕಡೆ ನೋಡಿದ. ನಾನು ಲೈನ್‌ಮನ್ ಕಡೆ ನೋಡಿದೆ.

ಕಂಪನಿಯವರು ಮತ್ತೆ ಬರಲಿಲ್ಲ. ಬೇರೆ ಎಲ್ಲೋ ಜಾಗ ಸಿಕ್ಕಿತು ಎಂದು ಕೇಳಿದೆ, ನಮಗೆ ಒಂದು ಸಾಲು ಬರೆಯಲಿಲ್ಲ. ಒಂದು ಪತ್ರಿಕೆಯಲ್ಲಿ ಗ್ರಾಮಸಭೆ ಸ್ಥಾವರವನ್ನು ತಿರಸ್ಕರಿಸಿತು ಎಂದು ಬಂತು. ಬಳಗದವರು ಮೈಸೂರಿನಲ್ಲಿ ಸಮಾರಂಭ ಮಾಡಿ ಹೋರಾಟಗಾರರಿಗೆ ಶಾಲು ಹೊದಿಸಿದರು. ನನ್ನ ತಮ್ಮನಿಗೂ ಒಂದು ಶಾಲು. ಯಾಕೆ ಹೋಗಿದ್ದೆ ಎಂದು ಫೋನಿನಲ್ಲಿ ಕೇಳಿದರೆ, ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಅಂತ ಹೋದೆ ಎಂದ. ನನಗೆ ಸಿಕ್ಕಿದ್ದು ತಾಲ್ಲೂಕಿನಿಂದ ಒಂದು ನೋಟಿಸು. ಒಪ್ಪಿಗೆಯೂ ಇಲ್ಲದ ತಿರಸ್ಕಾರವೂ ಇಲ್ಲದ ಇಂಥ ಅಸ್ಪಷ್ಟ ನಡವಳಿ ಯಾಕೆ ಕಳಿಸಿದಿರಿ, ವಿವರಣೆ ಕೊಡಿ ಎಂದು. ಸಭೆಯಲ್ಲಿ ಆಡಿದ್ದನ್ನು ಬರೆದಿದ್ದೇನೆ ಎಂದು ಉತ್ತರಿಸಿದೆ. ಅದಕ್ಕೆ ಉತ್ತರ ಬರಲಿಲ್ಲ.

ಪ್ರತ್ಯೇಕ ಲೈನಿನ ಬೆನ್ನು ಹತ್ತಿದ್ದು ಆಮೇಲಿನ ಕಥೆ. ಅರ್ಜಿ ಕೊಟ್ಟೆ, ಓಡಾಡಿದೆ. ಕೊನೆಗೆ ಸರ್ವೆ ಆಯಿತು. ಹತ್ತಿರದ ದಾರಿಯಲ್ಲಿ ಎಳೆದರೆ ಕಾಡಿನ ಕಡೆಯ ಒಂದು ಸಾಲು ಹಳೆಯ ಹೊಂಗೆ, ಹುಣಸೆ ಮರ ಕಡಿಯಬೇಕಿತ್ತು. ಅದು ಹೇಗೋ ಹೊರಗೆ ಗೊತ್ತಾಗಿ, ಹದಿನೈದು ದಿನದಲ್ಲಿ ನನ್ನ ಮೇಜಿಗೆ ಒಂದು ಆಕ್ಷೇಪಣೆ ಬಂತು. ಪರಿಸರ ಬಳಗದ್ದು. ಕೆಳಗೆ ಸಹಿಗಳು. ಐದನೆಯದು ನನ್ನ ತಮ್ಮನದು.

ನನ್ನ ಕೈಯಲ್ಲೇ ಅಕ್ಷರ ತಿದ್ದಿದವನ ಸಹಿ, ಅದರ ಬಾಲ ಎಲ್ಲಿ ತಿರುಗುತ್ತದೆ ಎಂದು ನನಗೆ ಗೊತ್ತು. ಫೋನ್ ಮಾಡಿ, ಇವತ್ತೇ ಬಾ ಎಂದಷ್ಟೇ ಹೇಳಿದೆ. ಬಂದ. ಕಾಗದ ಮುಂದಿಟ್ಟೆ. ಮೊದಲ ಸಾಲು ಓದುತ್ತಿದ್ದಂತೆ ಅವನ ಮುಖ ಇಳಿಯಿತು. ಮರ ಕಡಿಯುವುದರ ವಿರುದ್ಧ ಬೇಕಾದಾಗ ಬಳಸಿಕೊಳ್ಳಿ ಎಂದು ಖಾಲಿ ಹಾಳೆಗೆ ಸಹಿ ಹಾಕಿ ಬಳಗಕ್ಕೆ ಕೊಟ್ಟಿದ್ದನಂತೆ. ಯಾವ ಊರು, ಯಾವ ಮರ, ಯಾತಕ್ಕೆ ಎಂದು ಕೇಳಿರಲಿಲ್ಲ. ಬೈಯಬೇಕು ಎಂದು ಬೆಳಗಿನಿಂದ ಮಾತು ಜೋಡಿಸಿಕೊಂಡಿದ್ದೆ. ಅವನು ಆ ಹಾಳೆ ಹಿಡಿದು ಕೂತದ್ದನ್ನು ನೋಡಿ ಅದನ್ನೆಲ್ಲ ಬಿಟ್ಟೆ.

ಅವನು ಅಲ್ಲೇ ಕೂತು ಮೇಷ್ಟ್ರಿಗೆ ಫೋನ್ ಮಾಡಿದ. ಏನು ಮಾತಾಡಿದ ಎಂದು ನಾನು ಕೇಳಿಸಿಕೊಳ್ಳಲಿಲ್ಲ, ಹೊರಗೆ ಹೋದೆ. ಒಳಗಿಂದ ಅವನ ದನಿ ಏರಿದ್ದು ಮಾತ್ರ ಕೇಳಿಸಿತು. ಆ ಶನಿವಾರ ಮೇಷ್ಟ್ರು ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬಂದು, ಅಲ್ಲಿಂದ ಆಟೋ ಹಿಡಿದು ನಮ್ಮ ಪಂಚಾಯಿತಿಗೆ ಬಂದರು. ಲೈನ್‌ಮನ್, ನೀರುಗಂಟಿ, ತಮ್ಮ, ಮೇಷ್ಟ್ರು, ನಾನು ಐವರೂ ಬಾವಿಯಿಂದ ರಸ್ತೆಯವರೆಗೆ ನಡೆದೆವು. ಮರಗಳ ಸಾಲು ಬಿಟ್ಟು, ರಸ್ತೆ ಬದಿ ಮತ್ತು ಹೊಲದ ಬದುಗಳ ಮೇಲೆ ಕಂಬ ನೆಟ್ಟರೆ ಲೈನು ಸುತ್ತಾಗುತ್ತದೆ, ಆದರೆ ಕೊಂಬೆ ಸವರಿದರೆ ಸಾಕು, ಬುಡ ಕಡಿಯಬೇಕಿಲ್ಲ ಎಂದು ಲೈನ್‌ಮನ್ ಹೇಳಿದ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಮೇಡಂ ಎಂದ. ಸರ್ವೆಗೆ ಬಂದವರು ಜೀಪಿನಿಂದ ಇಳಿದಿರಲಿಲ್ಲವಂತೆ.

ಇಬ್ಬರು ರೈತರ ಬದುವಿನ ಮೇಲೆ ಕಂಬ ಬರಬೇಕಿತ್ತು. ಒಬ್ಬ ತಮ್ಮನ ಮಾತಿಗೆ ಒಪ್ಪಿದ. ಇನ್ನೊಬ್ಬ ಒಪ್ಪಲಿಲ್ಲ. ತನ್ನ ಹೊಲದಲ್ಲಿ ಸರ್ಕಾರದ ಯಾವುದೂ ಬೇಡ ಎಂದು ಹಟ ಹಿಡಿದ. ಮೇಷ್ಟ್ರು ಅವನ ಜಗಲಿಯ ಮೇಲೆ ಕೂತರು. ನಾವು ಹೊರಟು ಹೋಗಿ, ಕಚೇರಿಯ ಕೆಲಸ ಮುಗಿಸಿ ಮರಳಿ ಬಂದಾಗಲೂ ಅಲ್ಲೇ ಕೂತಿದ್ದರು, ಇಬ್ಬರೂ ಗಿಡುಗಗಳ ಬಗ್ಗೆ ಏನೋ ಮಾತಾಡುತ್ತಿದ್ದರು. ಕಂಬಕ್ಕೆ ಅವನು ಒಪ್ಪಿದ್ದ. ಮೇಷ್ಟ್ರ ಮೇಲೆ ನನಗಿದ್ದ ಸಿಟ್ಟು ಅಂದು ಪೂರ್ತಿ ಹೋಯಿತು ಎಂದು ಹೇಳಲಾರೆ. ಈ ಎರಡು ತಾಸನ್ನು ಬೇಸಿಗೆಯಲ್ಲೇ ಕೊಟ್ಟಿದ್ದರೆ ಎಂಬ ಕೊರಗು ಉಳಿಯಿತು. ಅದನ್ನು ಅವರಿಗೆ ಹೇಳಿಯೂಬಿಟ್ಟೆ. ನಿಮ್ಮ ಮಾತು ಸರಿ ಎಂದು, ಆಟೋ ಹತ್ತಿ ಹೋದರು.

ಲೈನು ಬಂದದ್ದು ಅದರ ಮುಂದಿನ ಮಳೆಗಾಲ ಕಳೆದ ಮೇಲೆ. ಈಗ ಬಾವಿಗೆ ಹಗಲು ಕರೆಂಟು ಇರುತ್ತದೆ. ನೀರುಗಂಟಿಯ ತೂಕಡಿಕೆ ನಿಂತಿದೆ. ಆದರೆ ಕರೆಂಟು ಇದೆ ಎಂದು ಜನ ನಲ್ಲಿ ಮುಚ್ಚುವುದನ್ನೇ ಮರೆತಿದ್ದಾರೆ, ಬಾವಿಯ ನೀರು ಕೆಳಕ್ಕೆ ಹೋಗುತ್ತಿದೆ ಎಂದು ಅವನು ಫೋನ್ ಮಾಡಿ ಗೊಣಗುತ್ತಾನೆ. ಟ್ಯಾಂಕು ತುಂಬಿದ ಕೂಡಲೇ ತಾನೇ ಹೋಗಿ ಮೋಟರು ಆರಿಸಿ ಬರುತ್ತಾನಂತೆ, ಅದಕ್ಕೂ ಬೈಸಿಕೊಳ್ಳುತ್ತಾನಂತೆ. ನಾನು ಆ ಪಂಚಾಯಿತಿಯಲ್ಲಿ ಈಗ ಇಲ್ಲ. ಚಾಮರಾಜನಗರದ ಹತ್ತಿರಕ್ಕೆ ವರ್ಗವಾಗಿದೆ, ಇಲ್ಲಿಯ ಬೈಗುಳ ಬೇರೆ.

ನೀವು ಯಾರ ಪರ ಎಂದು ನನ್ನನ್ನು ಕೇಳಿದವರಿದ್ದಾರೆ. ಆ ಪ್ರಶ್ನೆ ಕೇಳಿದರೇ ತಲೆ ಚಿಟ್ಟುಹಿಡಿಯುತ್ತದೆ. ಬೂದಿ ಮೆತ್ತಿದ ಆ ಎಲೆಯನ್ನು ನನ್ನ ತಮ್ಮ ನೋಡಿದ್ದು ಸುಳ್ಳಲ್ಲ. ಕೊಡ ಹೊತ್ತ ಹೆಂಗಸರನ್ನು ನಾನು ನೋಡಿದ್ದೂ ಸುಳ್ಳಲ್ಲ.

ತಮ್ಮ ಬಳಗವನ್ನು ಬಿಟ್ಟಿಲ್ಲ, ಖಾಲಿ ಹಾಳೆಗೆ ಸಹಿ ಹಾಕುವುದನ್ನು ಬಿಟ್ಟಿದ್ದಾನೆ. ಈಗ ಕುದೇರಿನ ಕಡೆಗೆ ಸೋಲಾರ್ ಕಂಪನಿಯವರು ಬಂದಿದ್ದಾರೆ, ಮಳೆ ನಂಬಿದ ಹೊಲಗಳನ್ನು ಗುತ್ತಿಗೆಗೆ ಕೇಳುತ್ತಿದ್ದಾರೆ. ಕುರಿ ಮೇಯಿಸುವವರು ಎಲ್ಲಿಗೆ ಹೋಗಬೇಕು ಎಂದು ಬಳಗದವರು ಅದಕ್ಕೂ ಬೇಡ ಎನ್ನುತ್ತಿದ್ದಾರೆ. ಸೋಲಾರ್ ಇದೆ ಎಂದು ಅವತ್ತು ಹೇಳಿದವನು ಈಗ ಏನು ಹೇಳಲಿ ಎಂದು ನನಗೇ ಫೋನ್ ಮಾಡುತ್ತಾನೆ. ಕುರಿಯವರ ಹಟ್ಟಿಗೆ ಹೋಗಿ ಕೇಳಿದೆಯಾ ಎನ್ನುತ್ತೇನೆ. ಹೋಗಿದ್ದೆ, ಅವರಲ್ಲೇ ಎರಡು ಮಾತಿದೆ ಎನ್ನುತ್ತಾನೆ. ಅರ್ಧ ಗಂಟೆ ಜಗಳವಾಡುತ್ತೇವೆ. ಆ ಕಡೆಯಿಂದ ಅವ್ವ, ಫೋನಿನಲ್ಲಿ ಕಿತ್ತಾಡುವ ಬದಲು ಭಾನುವಾರ ಬಂದು ಉಂಡು ಕಿತ್ತಾಡು ಎಂದು ಕೂಗುತ್ತಾಳೆ. ಈ ಭಾನುವಾರ ಹೋಗಬೇಕು ಎಂದುಕೊಂಡಿದ್ದೇನೆ.